ರಕ್ತಕ್ಕೆ ಕೇಳಿದ ತಪ್ಪು ಪ್ರಶ್ನೆ

ಆರೋಗ್ಯವಾಗಿರುವ ಒಬ್ಬ ಮನುಷ್ಯ ರಕ್ತ ಪರೀಕ್ಷೆ ಮಾಡಿಸುತ್ತಾನೆ. ಜ್ವರವಿಲ್ಲ, ಸುಸ್ತಿಲ್ಲ. ವರದಿಯಲ್ಲಿ ಮಾತ್ರ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕಡಿಮೆ ಎಂದು ಬಂದಿದೆ. ಸೋಂಕಿನ ವಿರುದ್ಧ ಹೋರಾಡುವ ಕಣಗಳಿವು. ಹಾಗಾಗಿ ವೈದ್ಯರಿಗೂ ಆತಂಕ. ಮತ್ತೆ ಮತ್ತೆ ಪರೀಕ್ಷೆ ಬರೆದುಕೊಡುತ್ತಾರೆ. ಕೆಲವೊಮ್ಮೆ ಮೂಳೆಯ ಮಜ್ಜೆ ತೆಗೆದು ನೋಡುವವರೆಗೂ ಹೋಗುತ್ತದೆ. ಅವನು ಕ್ಯಾನ್ಸರ್ ರೋಗಿಯಾಗಿದ್ದರೆ ಕೀಮೋ ಔಷಧಿಯ ಪ್ರಮಾಣ ಇಳಿಸುತ್ತಾರೆ, ಇಲ್ಲವೇ ಮುಂದಕ್ಕೆ ಹಾಕುತ್ತಾರೆ. ಕೊನೆಗೆ ನೋಡಿದರೆ ಏನೂ ಇಲ್ಲ. ಅವನ ದೇಹಕ್ಕೆ ಅಷ್ಟೇ ಸಹಜ.

ಇಂಥವರಲ್ಲಿ ಬಹಳ ಮಂದಿ ಆಫ್ರಿಕಾ ಮೂಲದವರು. ಅದಕ್ಕೇ ವೈದ್ಯಕೀಯ ಪುಸ್ತಕಗಳು ಇದನ್ನು ದಶಕಗಳ ಕಾಲ 'ಬಿನೈನ್ ಎಥ್ನಿಕ್ ನ್ಯೂಟ್ರೋಪೀನಿಯಾ' ಎಂದು ಕರೆದವು. ಅಪಾಯವಿಲ್ಲದ, ಜನಾಂಗದಿಂದ ಬಂದ ಕೊರತೆ ಎಂದು ಅದರ ಅರ್ಥ. ನಿಜವಾದ ಕಾರಣ ಬೇರೆ. ಡಫಿ ಎಂಬ ಒಂದು ರಕ್ತದ ಗುಂಪಿದೆ; ಕೆಂಪು ಕಣಗಳ ಮೇಲಿನ ಒಂದು ಪ್ರೋಟೀನ್ ಅದರ ಗುರುತು. ಕೆಂಪು ಕಣಗಳ ಮೇಲೆ ಈ ಡಫಿ ಇಲ್ಲದವರ ರಕ್ತದಲ್ಲಿ ನ್ಯೂಟ್ರೋಫಿಲ್ ಕಡಿಮೆ ಕಾಣುತ್ತದೆ. ಅವರ ಆರೋಗ್ಯಕ್ಕೆ ಅದರಿಂದ ತೊಂದರೆಯಿಲ್ಲ. ತೊಂದರೆ ಇರುವುದು ನಮ್ಮ ಅಳತೆಗೋಲಿನಲ್ಲಿ. 'ಇಷ್ಟಿದ್ದರೆ ಸರಿ' ಎಂಬ ಗೆರೆಯನ್ನು ಹೆಚ್ಚಾಗಿ ಬಿಳಿಯರ ರಕ್ತ ನೋಡಿ ಎಳೆದಿದ್ದರು. ಈಗ ಹಲವು ರಕ್ತತಜ್ಞರು ಆ ಹಳೆಯ ಹೆಸರನ್ನು ಬಿಟ್ಟು, ಡಫಿ ಹೆಸರಿನಲ್ಲೇ ಇದನ್ನು ಕರೆಯೋಣ ಎನ್ನುತ್ತಿದ್ದಾರೆ. ಚರ್ಮ ನೋಡಿ ಊಹಿಸಬೇಡಿ, ರಕ್ತವನ್ನೇ ನೋಡಿ ಎಂಬುದು ಅವರ ವಾದ.

ಒಂದು ಹೆಸರು ಬದಲಿಸಲು ಇಷ್ಟೊಂದು ಚರ್ಚೆ ಯಾಕೆ ಅನ್ನಿಸಬಹುದು. ಆದರೆ ಈ ಗೊಂದಲಕ್ಕೆ ನೂರು ವರ್ಷ ದಾಟಿದೆ. ರಕ್ತದ ಗುಂಪು ನೋಡಿ ಜನಾಂಗ ಹೇಳಬಹುದು ಎಂಬ ಆಸೆಯಿಂದ ಇದು ಶುರುವಾಯಿತು. ಆ ಆಸೆ ಹೇಗೆ ಹುಟ್ಟಿತು, ಎಲ್ಲಿ ದಾರಿ ತಪ್ಪಿತು ಎಂದು ತಿಳಿಯದೆ ಇವತ್ತಿನ ಚರ್ಚೆ ಅರ್ಥವಾಗುವುದಿಲ್ಲ.

ಶುರುವಿನಲ್ಲಿ ಜನಾಂಗದ ಮಾತೇ ಇರಲಿಲ್ಲ. ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರಿಗೆ ಒಂದು ಸಣ್ಣ ಕುತೂಹಲವಿತ್ತು. ಒಬ್ಬರ ರಕ್ತದ ಕಣಗಳನ್ನು ಇನ್ನೊಬ್ಬರ ರಕ್ತದ ತಿಳಿ ದ್ರವವಾದ ಸೀರಮ್‌ಗೆ ಬೆರೆಸಿದರೆ ಕೆಲವು ಸಲ ಕಣಗಳು ಮುದ್ದೆ ಕಟ್ಟುತ್ತವೆ, ಕೆಲವು ಸಲ ಕಟ್ಟುವುದಿಲ್ಲ. ಯಾಕೆ? ತಮ್ಮದೂ ಸೇರಿದಂತೆ ಪ್ರಯೋಗಾಲಯದ ಸಹೋದ್ಯೋಗಿಗಳ ರಕ್ತ ತೆಗೆದು ಒಂದಕ್ಕೊಂದು ಬೆರೆಸಿ ನೋಡಿದರು. 1901ರಲ್ಲಿ ಮೂರು ಗುಂಪುಗಳಿವೆ ಎಂದು ಬರೆದರು. ಮರುವರ್ಷ ಡೆಕಾಸ್ಟೆಲ್ಲೋ ಮತ್ತು ಸ್ಟುರ್ಲಿ ನಾಲ್ಕನೆಯದನ್ನು, ಅಂದರೆ ಈಗಿನ ಎಬಿ ಗುಂಪನ್ನು ಕಂಡುಕೊಂಡರು. ಒಬ್ಬರ ರಕ್ತ ಇನ್ನೊಬ್ಬರಿಗೆ ಕೊಟ್ಟಾಗ ಕೆಲವರು ಬದುಕಿ ಕೆಲವರು ಸಾಯುತ್ತಿದ್ದುದು ಏಕೆ ಎಂಬುದಕ್ಕೆ ಕೊನೆಗೂ ಉತ್ತರ ಸಿಕ್ಕಿತು. 1930ರಲ್ಲಿ ಲ್ಯಾಂಡ್‌ಸ್ಟೈನರ್ ಅವರಿಗೆ ನೊಬೆಲ್ ಬಂತು. ಆ ಶೋಧದಿಂದ ಉಳಿದ ಜೀವಗಳನ್ನು ಎಣಿಸಲು ಸಾಧ್ಯವಿಲ್ಲ.

1910ರ ಹೊತ್ತಿಗೆ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಎಮಿಲ್ ಫಾನ್ ಡುಂಗೆರ್ನ್ ಮತ್ತು ಲುಡ್ವಿಕ್ ಹಿರ್ಷ್‌ಫೆಲ್ಡ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕುಟುಂಬಗಳ ರಕ್ತ ನೋಡಿ, ಗುಂಪು ಹೆತ್ತವರಿಂದ ಮಕ್ಕಳಿಗೆ ಬರುತ್ತದೆ ಎಂದು ತೋರಿಸಿದರು. ಎ, ಬಿ, ಎಬಿ, ಓ ಎಂಬ ಹೆಸರುಗಳೂ ಅವರವೇ.

ಜನಾಂಗ ವಿಜ್ಞಾನದವರ ಕಿವಿ ನೆಟ್ಟಗಾದದ್ದು ಇಲ್ಲಿಯೇ. ಅಲ್ಲಿಯವರೆಗೆ ಅವರ ಕೈಯಲ್ಲಿದ್ದುದು ತಲೆಬುರುಡೆ ಅಳೆಯುವ ಟೇಪು, ಮೂಗು ಅಳೆಯುವ ಕೈವಾರ. ಭಾರತದಲ್ಲಿ 1901ರ ಜನಗಣತಿಯ ಮುಖ್ಯಸ್ಥ ಹರ್ಬರ್ಟ್ ರಿಸ್ಲಿ ಮೂಗಿನ ಉದ್ದ ಅಗಲದ ಲೆಕ್ಕದಿಂದ ಜಾತಿಗಳ ಮೇಲು ಕೀಳು ವಿವರಿಸಲು ಹೊರಟಿದ್ದರು. ಆದರೆ ಮೂಗು, ತಲೆ, ಎತ್ತರ ಎಲ್ಲದರ ಮೇಲೂ ಊಟದ, ಹವೆಯ, ವಯಸ್ಸಿನ ಪ್ರಭಾವ ಇರಬಹುದು. ಅಳೆಯುವವನ ಕೈ ಕೂಡ ವಾಲಬಹುದು. ರಕ್ತದ ಗುಂಪು ಹಾಗಲ್ಲ. ಹುಟ್ಟಿದಾಗ ಬಂದದ್ದು ಸಾಯುವವರೆಗೂ ಅದೇ. ಬಿಸಿಲಿಗೆ ಕಪ್ಪಾಗುವುದಿಲ್ಲ, ಹಸಿವಿಗೆ ಕುಗ್ಗುವುದಿಲ್ಲ. ಎ ಅಂದರೆ ಎ, ಬಿ ಅಂದರೆ ಬಿ. ಜನಾಂಗವನ್ನು ಕರಾರುವಾಕ್ಕಾಗಿ ಅಳೆಯಬೇಕು ಎಂದು ಕಾಯುತ್ತಿದ್ದವರಿಗೆ ಇದಕ್ಕಿಂತ ಒಳ್ಳೆಯ ಸಾಧನ ಸಿಗುವುದುಂಟೇ?

ಮೊದಲ ದೊಡ್ಡ ಲೆಕ್ಕ ನಡೆದದ್ದು ಯುದ್ಧಭೂಮಿಯಲ್ಲಿ. 1918, ಗ್ರೀಸ್ ದೇಶದ ಸಲೋನಿಕಾ. ಈಗ ಆ ಊರಿನ ಹೆಸರು ಥೆಸಲೋನಿಕಿ. ಮೊದಲ ಮಹಾಯುದ್ಧದ ಮಿತ್ರಪಡೆಗಳು ಅಲ್ಲಿ ಬೀಡುಬಿಟ್ಟಿದ್ದವು. ಇಂಗ್ಲಿಷರು, ಫ್ರೆಂಚರು, ಇಟಲಿಯವರು, ಸರ್ಬಿಯದವರು, ರಷ್ಯನ್ನರು. ಸಾಮ್ರಾಜ್ಯಗಳು ಎಳೆದು ತಂದಿದ್ದ ಸೆನೆಗಲ್, ಮಡಗಾಸ್ಕರ್, ವಿಯೆಟ್ನಾಂ, ಭಾರತದ ಸೈನಿಕರು. ಜೊತೆಗೆ ಯುದ್ಧಕೈದಿಗಳು, ನಿರಾಶ್ರಿತರು. ಲುಡ್ವಿಕ್ ಹಿರ್ಷ್‌ಫೆಲ್ಡ್ ಆಗ ಸರ್ಬಿಯಾದ ಸೇನೆಯ ಜೊತೆ ವೈದ್ಯರಾಗಿದ್ದರು. ಹೆಂಡತಿ ಹಾನ್ನಾ ಕೂಡ ವೈದ್ಯೆ. ಗಂಡ ಹೆಂಡತಿ ಸೇರಿ ಎಂಟು ಸಾವಿರಕ್ಕೂ ಹೆಚ್ಚು ಜನರ ರಕ್ತ ಪರೀಕ್ಷಿಸಿದರು. ಹದಿನಾರು ಬಗೆಯ ಜನ, ಒಂದೊಂದರಿಂದ ಸುಮಾರು ಐನೂರು ಮಂದಿ. ಅಷ್ಟು ಬಗೆಯ ಜನರ ರಕ್ತವನ್ನು ಒಂದೇ ಊರಿನಲ್ಲಿ ಯಾರೂ ಅದುವರೆಗೆ ನೋಡಿರಲಿಲ್ಲ. 1919ರಲ್ಲಿ ಅದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಅಂಕಿಗಳು ನಿಜಕ್ಕೂ ಬೆರಗು ಹುಟ್ಟಿಸುವಂಥವು. ನೂರು ಇಂಗ್ಲಿಷರಲ್ಲಿ ಎ ಗುಂಪಿನವರು ಸುಮಾರು 43, ಬಿ ಗುಂಪಿನವರು 7. ನೂರು ಭಾರತೀಯರಲ್ಲಿ ಎ 19, ಬಿ 41. ಪಶ್ಚಿಮದಿಂದ ಪೂರ್ವಕ್ಕೆ ಬಂದಂತೆ ಎ ಇಳಿಯುತ್ತದೆ, ಬಿ ಏರುತ್ತದೆ. ಇಲ್ಲಿಯವರೆಗೆ ಎಲ್ಲ ಸರಿ. ಇಂದಿಗೂ ಆ ಒಟ್ಟು ಚಿತ್ರ ನಿಂತಿದೆ.

ಅದರ ಮೇಲೆ ಅವರು ಕಟ್ಟಿದ ಎರಡು ಮಾತುಗಳು ಮಾತ್ರ ನಿಲ್ಲಲಿಲ್ಲ. ಒಂದು, 'ಜೀವರಾಸಾಯನಿಕ ಸೂಚ್ಯಂಕ'. ಎಬಿ ಗುಂಪಿನವರನ್ನು ಎರಡೂ ಕಡೆ ಸೇರಿಸಿಕೊಂಡು, ಎ ಇರುವವರನ್ನು ಬಿ ಇರುವವರಿಂದ ಭಾಗಿಸಿದರೆ ಬರುವ ಸಂಖ್ಯೆ. ಇಂಗ್ಲಿಷರಿಗೆ 4.5, ಭಾರತೀಯರಿಗೆ ಸುಮಾರು 0.5. ಇದನ್ನು ಹಿಡಿದು ಜನರನ್ನು ಯುರೋಪಿನ ಮಾದರಿ, ನಡುವಿನ ಮಾದರಿ, ಏಷ್ಯಾ-ಆಫ್ರಿಕಾ ಮಾದರಿ ಎಂದು ಮೂರು ಮಾಡಿದರು. ಎರಡು, ಮೂಲದ ಊಹೆ. ಎ ಗುಂಪು ಯುರೋಪಿನ ಉತ್ತರದಲ್ಲೋ ನಡುವಿನಲ್ಲೋ ಹುಟ್ಟಿತು, ಬಿ ಗುಂಪು ಭಾರತದಲ್ಲಿ ಹುಟ್ಟಿತು, ಆಮೇಲೆ ಇವೆರಡೂ ಬೆರೆತವು ಎಂದರು. ಅಂದರೆ ಆದಿಯಲ್ಲಿ ಎರಡು ಶುದ್ಧ ಜನಾಂಗಗಳಿದ್ದವು ಎಂದ ಹಾಗಾಯಿತು.

ಅವರದೇ ಪಟ್ಟಿಯನ್ನು ನಿಧಾನವಾಗಿ ಓದಿದರೆ ಈ ಕಟ್ಟಡ ಅಲುಗಾಡುವುದು ಕಾಣುತ್ತದೆ. ಭಾರತದವರಿಗೂ ವಿಯೆಟ್ನಾಮಿನವರಿಗೂ ಒಂದೇ ಸೂಚ್ಯಂಕ. ರಷ್ಯನ್ನರ ಸಂಖ್ಯೆ 1.3. ಅದು ಜರ್ಮನ್ನರ 2.8ಕ್ಕಿಂತ ಮಡಗಾಸ್ಕರ್ ಜನರ 1.1ಕ್ಕೇ ಹತ್ತಿರ. ಸೂಚ್ಯಂಕ ಜನಾಂಗವನ್ನು ತೋರಿಸುವುದಾದರೆ ಇದನ್ನೆಲ್ಲ ಹೇಗೆ ಒಪ್ಪುವುದು? ಇನ್ನು, ಆ ಹದಿನಾರು ಹೆಸರುಗಳನ್ನೇ ನೋಡಿ. ಇಂಗ್ಲಿಷರು ಒಂದು ದೇಶದವರು. ಯಹೂದಿಗಳು ಒಂದು ಧರ್ಮದವರು. ಅರಬರು ಒಂದು ಭಾಷೆಯವರು. ಭಾರತೀಯರು ಅಂದರೆ ಒಂದು ಉಪಖಂಡ. ಎಲ್ಲರನ್ನೂ ಒಂದೇ ಸಾಲಿನಲ್ಲಿ 'ಜನಾಂಗ' ಎಂದು ಕೂರಿಸಲಾಗಿತ್ತು. ಕನ್ನಡದಲ್ಲಿ ನಾವೂ ಹೀಗೇ ಮಾಡುತ್ತೇವೆ ಅಲ್ವಾ? ಒಂದು ಜಾತಿಗೂ ಜನಾಂಗ ಅನ್ನುತ್ತೇವೆ, ಒಂದು ಬುಡಕಟ್ಟಿಗೂ ಅನ್ನುತ್ತೇವೆ, ಇಡೀ ಖಂಡದ ಜನರಿಗೂ ಅದೇ ಪದ. ಪದವೇ ಇಷ್ಟು ಸಡಿಲವಾಗಿರುವಾಗ ಅದರ ಮೇಲೆ ಕಟ್ಟಿದ ಲೆಕ್ಕ ಗಟ್ಟಿಯಾಗುವುದು ಕಷ್ಟ.

ಎಲ್ಲಕ್ಕಿಂತ ದೊಡ್ಡ ತಪ್ಪು ಇನ್ನೂ ಸರಳವಾದದ್ದು. ಅದನ್ನು ತಿಳಿಯಲು ಒಂದು ಮನೆಯೊಳಗೆ ನೋಡಿದರೆ ಸಾಕು. ಅಪ್ಪನದು ಎ ಗುಂಪು, ಅಮ್ಮನದು ಬಿ. ಇಬ್ಬರೂ ಒಳಗೆ ಓ ಜೀನನ್ನು ಹೊತ್ತಿದ್ದಾರೆ ಎಂದುಕೊಳ್ಳಿ. ಅವರಿಗೆ ಹುಟ್ಟುವ ಮಕ್ಕಳು ಎ, ಬಿ, ಎಬಿ, ಓ ಯಾವುದೂ ಆಗಬಹುದು. ಒಂದೇ ತಟ್ಟೆಯಲ್ಲಿ ಉಂಡ ನಾಲ್ಕು ಮಕ್ಕಳದು ನಾಲ್ಕು ಗುಂಪು. ಗುಂಪೇ ಜನಾಂಗವಾಗಿದ್ದರೆ ಒಡಹುಟ್ಟಿದವರೇ ಬೇರೆ ಬೇರೆ ಜನಾಂಗದವರಾಗಬೇಕಿತ್ತು. ಎ ಗುಂಪಿನ ಅಣ್ಣನಿಗೆ ಬಿ ಗುಂಪಿನ ತಮ್ಮ ರಕ್ತ ಕೊಡುವಂತಿಲ್ಲ. ಸಾಗರದ ಆಚೆ ಇರುವ ಒಬ್ಬ ಅಪರಿಚಿತ ಕೊಡಬಹುದು. ನೂರರಲ್ಲಿ ಎಷ್ಟು ಜನ ಎಂಬ ಲೆಕ್ಕ ಒಂದು ಜನಸಮೂಹದ ಬಗ್ಗೆ ಏನನ್ನೋ ಹೇಳುತ್ತದೆ. ಆ ಸಮೂಹದ ಒಬ್ಬ ಮನುಷ್ಯನ ಬಗ್ಗೆ ಏನನ್ನೂ ಹೇಳುವುದಿಲ್ಲ. ನೂರು ಇಂಗ್ಲಿಷರಲ್ಲಿ ಬಿ ಗುಂಪಿನ ಆ ಏಳು ಮಂದಿ ಉಳಿದ ತೊಂಬತ್ತಮೂರು ಮಂದಿಯಷ್ಟೇ ಇಂಗ್ಲಿಷರು.

ಇಷ್ಟು ಸರಳ ವಿಷಯ ಗೊತ್ತಾಗಲಿಲ್ಲವೇ? ಗೊತ್ತಾಗಬಾರದು ಎಂದುಕೊಂಡವರಿಗೆ ಗೊತ್ತಾಗಲಿಲ್ಲ. 1926ರಲ್ಲಿ ಮಾನವಶಾಸ್ತ್ರಜ್ಞ ಓಟೋ ರೆಖೆ ಮತ್ತು ನೌಕಾಪಡೆಯ ವೈದ್ಯ ಪೌಲ್ ಸ್ಟೆಫಾನ್ ಸೇರಿ ರಕ್ತದ ಗುಂಪಿನ ಸಂಶೋಧನೆಗೆ ಒಂದು ಜರ್ಮನ್ ಸಂಘ ಕಟ್ಟಿದರು. ಎ ಗುಂಪನ್ನು ಉತ್ತರ ಯುರೋಪಿನ 'ಶ್ರೇಷ್ಠ'ರಿಗೆ, ಬಿ ಗುಂಪನ್ನು ಪೂರ್ವದಿಂದ ಬಂದವರಿಗೆ ಅಂಟಿಸುವುದು ಅವರ ಹಂಬಲ. ನಕ್ಷೆಗಳು ಬಂದವು, ಪತ್ರಿಕೆ ಬಂತು. ಈ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಹಲವರು ಯಹೂದಿ ಮನೆತನಗಳಲ್ಲಿ ಹುಟ್ಟಿದವರು ಎಂಬುದನ್ನು ಇಲ್ಲಿ ನೆನೆಯಬೇಕು. ಲ್ಯಾಂಡ್‌ಸ್ಟೈನರ್, ಹಿರ್ಷ್‌ಫೆಲ್ಡ್ ಮಾತ್ರವಲ್ಲ, ಎಬಿಓ ಗುಂಪು ಹೆತ್ತವರಿಂದ ಬರುವ ಸರಿಯಾದ ಕ್ರಮವನ್ನು 1924ರಲ್ಲಿ ಬರಿಯ ಗಣಿತದಿಂದ ಬಿಡಿಸಿದ ಫೆಲಿಕ್ಸ್ ಬರ್ನ್‌ಸ್ಟೈನ್ ಕೂಡ. ನಾಜಿಗಳು ಬಂದ ಮೇಲೆ ಬರ್ನ್‌ಸ್ಟೈನ್ ಗಟಿಂಗನ್‌ನ ಹುದ್ದೆ ಕಳೆದುಕೊಂಡರು.

1935ರ ನ್ಯೂರೆಂಬರ್ಗ್ ಕಾನೂನುಗಳಲ್ಲಿ ಒಂದರ ಹೆಸರಿನಲ್ಲೇ 'ಜರ್ಮನ್ ರಕ್ತ'ದ ರಕ್ಷಣೆ ಎಂದಿದೆ. ಆದರೆ ಯಾರು ಯಹೂದಿ ಎಂದು ತೀರ್ಮಾನಿಸಲು ಒಂದು ಹನಿ ರಕ್ತವನ್ನೂ ಪರೀಕ್ಷಿಸಲಿಲ್ಲ. ಪರೀಕ್ಷಿಸಿ ಪ್ರಯೋಜನವೂ ಇರಲಿಲ್ಲ. ಯಹೂದಿಗಳಲ್ಲೂ ಜರ್ಮನ್ನರಲ್ಲೂ ನಾಲ್ಕೂ ಗುಂಪುಗಳಿದ್ದವು. ಕೊನೆಗೆ ಅವರು ನೋಡಿದ್ದು ಅಜ್ಜ ಅಜ್ಜಿಯರ ಧರ್ಮ ಯಾವುದು ಎಂಬ ಹಳೆಯ ದಾಖಲೆಗಳನ್ನು. ರಕ್ತದ ಹೆಸರಿನಲ್ಲಿ ನಡೆದ ಆ ಹತ್ಯಾಕಾಂಡಕ್ಕೆ ರಕ್ತ ಸಾಕ್ಷಿ ಹೇಳಲಿಲ್ಲ. ಕಾಗದ ಹೇಳಿತು. ಈ ಇತಿಹಾಸದಲ್ಲಿ ನನ್ನನ್ನು ತುಂಬ ಕಾಡುವ ಸಂಗತಿ ಇದು.

ಹಿರ್ಷ್‌ಫೆಲ್ಡ್ ದಂಪತಿಯ ಮುಂದಿನ ಕಥೆಯನ್ನೂ ಹೇಳಬೇಕು. ಲುಡ್ವಿಕ್ ಕ್ಯಾಥೊಲಿಕ್ ಧರ್ಮಕ್ಕೆ ಸೇರಿದ್ದರು. ಆದರೂ ನಾಜಿ ಕಾನೂನಿನ ಪ್ರಕಾರ ಯಹೂದಿಯೇ. 1941ರಲ್ಲಿ ಕುಟುಂಬವನ್ನು ಪೋಲೆಂಡಿನ ವಾರ್ಸಾದ ಘೆಟ್ಟೋಗೆ, ಅಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಗೆ ತಳ್ಳಿದರು. ಅಲ್ಲಿ ಅವರು ಟೈಫಸ್ ರೋಗದ ವಿರುದ್ಧ ದುಡಿದರು, ಗುಟ್ಟಾಗಿ ವೈದ್ಯಕೀಯ ಪಾಠ ಮಾಡಿದರು. ಆಮೇಲೆ ತಪ್ಪಿಸಿಕೊಂಡು ತಲೆಮರೆಸಿಕೊಂಡಿದ್ದಾಗ ಮಗಳನ್ನು ಕಳೆದುಕೊಂಡರು. ಜಗತ್ತಿನ ಜನರನ್ನು ರಕ್ತದ ಪ್ರಕಾರ ಮೊದಲು ಪಟ್ಟಿ ಮಾಡಿದ ಮನುಷ್ಯನೇ ಇನ್ನೊಂದು ಪಟ್ಟಿಯಲ್ಲಿ ಸಿಕ್ಕಿಬಿದ್ದಿದ್ದ. ಅವರು ಜನಾಂಗ ದ್ವೇಷದಿಂದ ಆ ಕೆಲಸ ಮಾಡಿರಲಿಲ್ಲ ಎಂಬುದು ಸ್ಪಷ್ಟ. ಆದರೆ ಒಂದು ಅಂಕಿಗೆ 'ಜನಾಂಗ' ಎಂದು ಹೆಸರಿಟ್ಟ ಮೇಲೆ ಅದನ್ನು ಯಾರು ಎತ್ತಿಕೊಂಡು ಹೋಗುತ್ತಾರೆ ಎಂಬುದು ಹೆಸರಿಟ್ಟವರ ಕೈಯಲ್ಲಿ ಇರುವುದಿಲ್ಲ.

ನಾಜಿಗಳ ವಿರುದ್ಧ ಹೋರಾಡುತ್ತಿದ್ದ ಅಮೆರಿಕದಲ್ಲಿ ಏನಾಯಿತು? ರಕ್ತದ ದ್ರವ ಭಾಗವಾದ ಪ್ಲಾಸ್ಮಾ ಕೂಡಿಡುವ ವಿಧಾನವನ್ನು ದೊಡ್ಡ ಪ್ರಮಾಣಕ್ಕೆ ಬೆಳೆಸಿದವರು ಚಾರ್ಲ್ಸ್ ಡ್ರೂ ಎಂಬ ಕಪ್ಪು ವೈದ್ಯರು. 1940ರಲ್ಲಿ ಬ್ರಿಟನ್ನಿಗೆ ಪ್ಲಾಸ್ಮಾ ಕಳಿಸುವ ಯೋಜನೆಯನ್ನು ಅವರೇ ನಡೆಸಿದರು. 1941ರಲ್ಲಿ ಸೇನೆಗಾಗಿ ರಕ್ತ ಸಂಗ್ರಹ ಶುರುವಾದಾಗ ರೆಡ್ ಕ್ರಾಸ್ ಕಪ್ಪು ಜನರ ರಕ್ತವನ್ನೇ ತೆಗೆದುಕೊಳ್ಳಲಿಲ್ಲ. ಪ್ರತಿಭಟನೆಯಾದ ಮೇಲೆ 1942ರಲ್ಲಿ ತೆಗೆದುಕೊಂಡಿತು, ಆದರೆ ಬೇರೆಯಾಗಿ ಇಟ್ಟಿತು. ಇದಕ್ಕೆ ವಿಜ್ಞಾನದ ಆಧಾರ ಯಾವುದೂ ಇಲ್ಲ ಎಂದು ಡ್ರೂ ಬಹಿರಂಗವಾಗಿ ಹೇಳಿದರು. ಯಾರಿಗೆ ಯಾರ ರಕ್ತ ಹೊಂದುತ್ತದೆ ಎಂದು ಅಷ್ಟು ಹೊತ್ತಿಗೆ ಎಲ್ಲ ವೈದ್ಯರಿಗೂ ಗೊತ್ತಿತ್ತು. ಹೀಗಿದ್ದೂ ರೆಡ್ ಕ್ರಾಸ್ ಜನಾಂಗದ ಗುರುತು ಕೈಬಿಟ್ಟದ್ದು 1950ರಲ್ಲಿ. ಲೂಸಿಯಾನ ರಾಜ್ಯದ ಕಾನೂನು ಹೋಗಲು 1972ರವರೆಗೆ ಕಾಯಬೇಕಾಯಿತು. ಅಂದಹಾಗೆ, 1950ರ ಕಾರು ಅಪಘಾತದಲ್ಲಿ ಡ್ರೂ ಅವರಿಗೆ ಕಪ್ಪು ಜನ ಎಂಬ ಕಾರಣಕ್ಕೆ ರಕ್ತ ಕೊಡದೆ ಸಾಯಲು ಬಿಟ್ಟರು ಎಂಬ ಕಥೆ ಓಡಾಡುತ್ತದೆ. ಅದು ನಿಜವಲ್ಲ. ವೈದ್ಯರು ಅವರನ್ನು ಉಳಿಸಲು ಪ್ರಯತ್ನಿಸಿದ್ದರು. ನಡೆದ ಅನ್ಯಾಯವೇ ಸಾಕಷ್ಟಿದೆ, ಇಲ್ಲದ್ದನ್ನು ಸೇರಿಸಬೇಕಿಲ್ಲ.

ಜಪಾನಿನಲ್ಲಿ ಇದು ಬೇರೆ ವೇಷ ತೊಟ್ಟಿತು. 1927ರಲ್ಲಿ ಟಕೆಜಿ ಫುರುಕಾವಾ ರಕ್ತದ ಗುಂಪಿಗೂ ಸ್ವಭಾವಕ್ಕೂ ನಂಟಿದೆ ಎಂದರು. 1970ರ ದಶಕದಲ್ಲಿ ಜನಪ್ರಿಯ ಪುಸ್ತಕಗಳು ಅದನ್ನು ಮತ್ತೆ ಎಬ್ಬಿಸಿದವು. 2011ರಲ್ಲಿ ಒರಟು ಮಾತಿನಿಂದ ಹುದ್ದೆ ಬಿಡಬೇಕಾದ ಅಲ್ಲಿನ ಸಚಿವರೊಬ್ಬರು, ತಮ್ಮದು ಬಿ ಗುಂಪು, ಅದಕ್ಕೇ ಹಾಗೆ ಎಂಬ ಕಾರಣ ಕೊಟ್ಟರು. ರಕ್ತದ ಗುಂಪಿನ ಹೆಸರಿನಲ್ಲಿ ಕೆಲಸದ ಜಾಗದಲ್ಲಿ ಕಾಡುವುದಕ್ಕೆ 'ಬುರಾಹಾರಾ' ಎಂಬ ಪದವೇ ಅಲ್ಲಿದೆ. ಸ್ವಭಾವಕ್ಕೂ ಗುಂಪಿಗೂ ನಂಟಿದೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ.

ಭಾರತದಲ್ಲೂ ಮೂಗಿನ ಅಳತೆ ಹಳೆಯದಾದ ಮೇಲೆ ರಕ್ತದ ಸರದಿ ಬಂತು. 1929ರಲ್ಲಿ ಮಲೋನ್ ಮತ್ತು ಲಾಹಿರಿ ಇಲ್ಲಿನ ಜನಾಂಗ, ಜಾತಿಗಳ ರಕ್ತದ ಗುಂಪಿನ ಲೆಕ್ಕ ಪ್ರಕಟಿಸಿದರು. ಆಮೇಲಿನ ದಶಕಗಳಲ್ಲಿ ಇಂಥ ಸಮೀಕ್ಷೆಗಳು ಹಲವು ನಡೆದವು. ಒಂದೊಂದು ಕಡೆ ಎ ಸ್ವಲ್ಪ ಜಾಸ್ತಿ, ಇನ್ನೊಂದು ಕಡೆ ಬಿ ಜಾಸ್ತಿ ಎಂಬ ವ್ಯತ್ಯಾಸಗಳು ಸಿಕ್ಕವು. 'ಇದು ಈ ಜಾತಿಯ ರಕ್ತ' ಎಂದು ಬೆರಳು ಮಾಡಿ ತೋರಿಸುವಂಥ ಗುಂಪು ಮಾತ್ರ ಸಿಗಲಿಲ್ಲ. ಇಷ್ಟಾದರೂ 'ನಮ್ಮ ರಕ್ತದಲ್ಲೇ ಬಂದಿದೆ' ಎಂಬ ಮಾತು ನಮ್ಮ ನಾಲಿಗೆಯಿಂದ ಹೋಗಿಲ್ಲ. ಸುಮ್ನೆ ಅಂದ ಮಾತು ಅಂದುಕೊಳ್ಳುತ್ತೇವೆ. ಆದರೆ ಮದುವೆಯ ಮಾತು ಬಂದಾಗ ಅದೇ ಮಾತು ಗೋಡೆಯಾಗಿ ನಿಲ್ಲುತ್ತದೆ.

ಹಾಗಾದರೆ ಊರಿಂದ ಊರಿಗೆ ಈ ಅಂಕಿಗಳು ಬೇರೆಯಾಗುವುದೇಕೆ? ಉತ್ತರದಲ್ಲಿ ವಲಸೆಯಿದೆ, ಆಕಸ್ಮಿಕವಿದೆ, ಮುಖ್ಯವಾಗಿ ರೋಗವಿದೆ. ಡಫಿಯನ್ನೇ ತೆಗೆದುಕೊಳ್ಳಿ. ವೈವ್ಯಾಕ್ಸ್ ಎಂಬ ಮಲೇರಿಯಾ ಪರೋಪಜೀವಿ ಕೆಂಪು ಕಣದೊಳಗೆ ನುಗ್ಗಲು ಡಫಿಯನ್ನೇ ಬಾಗಿಲಾಗಿ ಬಳಸುತ್ತದೆ. ಬಾಗಿಲೇ ಇಲ್ಲದವರಿಗೆ ಆ ಮಲೇರಿಯಾದಿಂದ ಬಹುಮಟ್ಟಿಗೆ ರಕ್ಷಣೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಲ್ಲಿ ಹೆಚ್ಚು ಕಡಿಮೆ ಎಲ್ಲರೂ ಡಫಿ ಇಲ್ಲದವರು. ಅರೇಬಿಯಾದ ಹಲವರಲ್ಲೂ ಡಫಿ ಇಲ್ಲ. ಇದು ಮಲೇರಿಯಾ ಬರೆದ ನಕ್ಷೆ, ಚರ್ಮದ ಬಣ್ಣದ ನಕ್ಷೆಯಲ್ಲ. ಕೆಂಪು ಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆ ಕೂಡ ಹಾಗೆಯೇ. ಅದನ್ನು ಅಮೆರಿಕದಲ್ಲಿ ಬಹಳ ಕಾಲ ಕಪ್ಪು ಜನರ ಕಾಯಿಲೆ ಎಂದೇ ನಂಬಿದ್ದರು. 1952ರಲ್ಲಿ ನೀಲಗಿರಿಯ ಬುಡಕಟ್ಟು ಜನರಲ್ಲೂ ಅದು ಪತ್ತೆಯಾಯಿತು. 1954ರಲ್ಲಿ ಆಂತನಿ ಆಲಿಸನ್ ಮಲೇರಿಯಾಕ್ಕೂ ಅದಕ್ಕೂ ಇರುವ ನಂಟನ್ನು ತೋರಿಸಿದರು.

ಎ ಗುಂಪು ಯುರೋಪಿನಲ್ಲಿ, ಬಿ ಭಾರತದಲ್ಲಿ ಹುಟ್ಟಿತು ಎಂಬ ಮಾತಿಗೆ ಉತ್ತರ ಬಂದದ್ದು ವಾನರರಿಂದ. ಚಿಂಪಾಂಜಿಗಳಲ್ಲಿ ಎ ಮತ್ತು ಓ ಇವೆ. ಗೊರಿಲ್ಲಾಗಳದು ಬಿ. ಗಿಬ್ಬನ್‌ಗಳಲ್ಲಿ ಎ, ಬಿ ಎರಡೂ ಇವೆ. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಎ ಮತ್ತು ಬಿ ನಡುವಿನ ಈ ಭೇದಕ್ಕೆ ಕನಿಷ್ಠ 2 ಕೋಟಿ ವರ್ಷ ವಯಸ್ಸು. ನಮ್ಮಂಥ ಮನುಷ್ಯರು ಹುಟ್ಟಿ ಸುಮಾರು 3 ಲಕ್ಷ ವರ್ಷವಷ್ಟೇ. ಎ, ಬಿ ಎರಡೂ ಯಾವ ಜನಾಂಗದ್ದೂ ಅಲ್ಲ. ಮನುಷ್ಯ ಹುಟ್ಟುವ ಮೊದಲೇ ಇದ್ದವು.

1972ರಲ್ಲಿ ತಳಿವಿಜ್ಞಾನಿ ರಿಚರ್ಡ್ ಲೆವಾಂಟಿನ್ ಇನ್ನೊಂದು ಲೆಕ್ಕ ಮಾಡಿದರು. 17 ಜೀನ್‌ಗಳು, ಅವುಗಳಲ್ಲಿ ಹೆಚ್ಚಿನವು ರಕ್ತದ ಗುಂಪಿನವು ಇಲ್ಲವೇ ರಕ್ತದ ಪ್ರೋಟೀನಿನವು. ಮನುಷ್ಯರ ನಡುವಿನ ಒಟ್ಟು ವ್ಯತ್ಯಾಸದಲ್ಲಿ ಶೇ 85ರಷ್ಟು ಒಂದೇ ಜನಸಮೂಹದ ಒಳಗೇ ಇದೆ, ಜನಾಂಗಗಳ ನಡುವೆ ಇರುವುದು ಶೇ 6ರಷ್ಟು ಮಾತ್ರ ಎಂದು ಕಂಡಿತು. ಜನಾಂಗ ತೋರಿಸಲೆಂದು ಕೂಡಿಸಿದ್ದ ಅಂಕಿಗಳ ರಾಶಿಯೇ ಅದನ್ನು ಕೆಡವಿತು. ಇದಕ್ಕೆ ಒಂದು ನ್ಯಾಯವಾದ ಆಕ್ಷೇಪವೂ ಇದೆ. 2003ರಲ್ಲಿ ಎ. ಡಬ್ಲ್ಯೂ. ಎಫ್. ಎಡ್ವರ್ಡ್ಸ್, ಅನೇಕ ಜೀನ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಬ್ಬನ ಪೂರ್ವಜರು ಯಾವ ಕಡೆಯವರು ಎಂದು ಚೆನ್ನಾಗಿ ಊಹಿಸಬಹುದು ಎಂದರು. ಅದು ನಿಜ. ಇವತ್ತು ಎಂಜಲು ಕಳಿಸಿದರೆ ಮೂಲ ಹೇಳುವ ಕಂಪನಿಗಳು ನಡೆಯುತ್ತಿರುವುದೇ ಅದರಿಂದ. ಆದರೆ ಪೂರ್ವಜರು ಎಲ್ಲಿದ್ದರು ಎಂಬುದು ಒಂದು ಮಾತು. ನೀನು ಯಾವ ಬಗೆಯ ಮನುಷ್ಯ ಎಂಬುದು ಬೇರೆಯೇ ಮಾತು. ಆ ವರದಿಗಳ ಶೇಕಡಾವಾರು ಅಂಕಿ ಓದುವಾಗ ಈ ಎರಡೂ ಬೆರೆತುಹೋಗುವುದು ಬಹಳ ಸುಲಭ.

ಹಾಗೆಂದು ಆ ಅಂಕಿಗಳನ್ನು ಬಿಸಾಡುವಂತಿಲ್ಲ. ಆರ್‌ಎಚ್ ನೆಗೆಟಿವ್ ಇರುವವರು ಯುರೋಪ್ ಮೂಲದವರಲ್ಲಿ ನೂರಕ್ಕೆ ಸುಮಾರು 15, ಭಾರತದಲ್ಲಿ 5ರ ಆಸುಪಾಸು, ಪೂರ್ವ ಏಷ್ಯಾದಲ್ಲಿ ಒಂದಕ್ಕಿಂತ ಕಡಿಮೆ. 1952ರಲ್ಲಿ ವೈ. ಎಂ. ಭೆಂಡೆ ಮತ್ತು ಸಂಗಡಿಗರು ಗುರುತಿಸಿದ ಬಾಂಬೆ ಗುಂಪು ಭಾರತದಲ್ಲಿ ಸುಮಾರು 10 ಸಾವಿರಕ್ಕೆ ಒಬ್ಬರಲ್ಲಿದ್ದರೆ, ಯುರೋಪಿನಲ್ಲಿ 10 ಲಕ್ಷಕ್ಕೆ ಒಬ್ಬರಲ್ಲಿ. ಮಾಮೂಲಿ ಪರೀಕ್ಷೆಯಲ್ಲಿ ಓ ಎಂದು ತೋರುವ ಇವರಿಗೆ ಓ ರಕ್ತ ಏರಿಸಿದರೆ ಪ್ರಾಣಕ್ಕೇ ಕುತ್ತು. ಇಂಗ್ಲೆಂಡಿನ ಬ್ಲಡ್ ಬ್ಯಾಂಕುಗಳು ಕಪ್ಪು ಸಮುದಾಯದವರನ್ನು ರಕ್ತ ಕೊಡಿ ಎಂದು ವಿಶೇಷವಾಗಿ ಕೇಳುತ್ತವೆ. ಸಿಕಲ್ ಸೆಲ್ ರೋಗಿಗಳಿಗೆ ಬೇಕಾಗುವ ಆರ್‌ಓ ಎಂಬ ಉಪಗುಂಪು ಆ ಸಮುದಾಯದಲ್ಲಿ ಅರ್ಧಕ್ಕೂ ಹೆಚ್ಚು ಜನರಲ್ಲಿದೆ, ಉಳಿದವರಲ್ಲಿ ಬಹಳ ಕಡಿಮೆ. 1941ರ ಅಮೆರಿಕದಲ್ಲಿ ಕೇಳಿದ್ದೂ ಜನಾಂಗವನ್ನೇ, ಇಲ್ಲಿ ಕೇಳುತ್ತಿರುವುದೂ ಅದನ್ನೇ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ವ್ಯತ್ಯಾಸ ಇರುವುದು ಆಮೇಲಿನ ಹೆಜ್ಜೆಯಲ್ಲಿ. ಅಂದು ಬಣ್ಣ ನೋಡಿ ಚೀಲವನ್ನು ಬೇರೆ ಇಟ್ಟರು. ಇಂದು ಪ್ರತಿ ಚೀಲವನ್ನೂ ಪರೀಕ್ಷಿಸುತ್ತಾರೆ. ಯಾರ ಚೀಲ ಯಾರಿಗೆ ಎಂಬುದನ್ನು ಆ ಪರೀಕ್ಷೆ ನಿರ್ಧರಿಸುತ್ತದೆ. ಡಫಿಯ ವಿಷಯದಲ್ಲೂ ವೈದ್ಯರು ಕೇಳುತ್ತಿರುವುದು ಇಷ್ಟನ್ನೇ. ರೋಗಿ ಕಪ್ಪೋ ಬಿಳಿಯೋ ಎಂದು ಬರೆದುಕೊಳ್ಳುವ ಬದಲು ಡಫಿ ಇದೆಯೋ ಇಲ್ಲವೋ ಎಂದು ನೋಡಿ. ಅದಕ್ಕೆ ಪರೀಕ್ಷೆ ಇದೆ.

2025ರ ಹೊತ್ತಿಗೆ ಗುರುತಿಸಿರುವ ರಕ್ತದ ಗುಂಪಿನ ವ್ಯವಸ್ಥೆಗಳು 48. ಎಬಿಓ, ಆರ್‌ಎಚ್ ಅವುಗಳಲ್ಲಿ ಎರಡು ಮಾತ್ರ. ಅದೇ ವರ್ಷ ಕ್ರೋಮರ್ ಎಂಬ ವ್ಯವಸ್ಥೆಗೆ ಸೇರಿದ ಹೊಸ ಆಂಟಿಜನ್ (ಕೆಂಪು ಕಣದ ಮೇಲಿನ ಗುರುತು) ಒಂದನ್ನು ಪ್ರಕಟಿಸಿದರು. ಹೆಸರು 'ಕ್ರಿಬ್'. ಕ್ರೋಮರ್, ಇಂಡಿಯಾ, ಬೆಂಗಳೂರು ಎಂಬ ಪದಗಳ ಮೊದಲ ಅಕ್ಷರಗಳಿಂದ ಮಾಡಿದ್ದು. ಹೃದಯದ ಶಸ್ತ್ರಚಿಕಿತ್ಸೆಗೆ ಬಂದಿದ್ದ ಒಬ್ಬ ಮಹಿಳೆಯ ರಕ್ತ ಪರೀಕ್ಷಿಸುವಾಗ ಅದು ಪತ್ತೆಯಾಯಿತು. ಆಕೆಯದು ಓ ಪಾಸಿಟಿವ್, ಎಲ್ಲ ಕಡೆ ಸಿಗುವ ಗುಂಪು. ಹೀಗಿದ್ದೂ ಓ ಪಾಸಿಟಿವ್ ರಕ್ತದ ಯಾವ ಚೀಲವೂ ಆಕೆಗೆ ಹೊಂದಲಿಲ್ಲ. ಮನೆಯವರನ್ನು ಕರೆಸಿದರು. ಇಪ್ಪತ್ತು ಮಂದಿ ರಕ್ತಸಂಬಂಧಿಗಳ ರಕ್ತ ಪರೀಕ್ಷಿಸಿದರು. ಒಬ್ಬರದ್ದೂ ಮ್ಯಾಚ್ ಆಗಲಿಲ್ಲ. ಕೊನೆಗೆ ವೈದ್ಯರು ಬೇರೆಯವರ ಒಂದು ಹನಿ ರಕ್ತವನ್ನೂ ಏರಿಸದೆ ಶಸ್ತ್ರಚಿಕಿತ್ಸೆ ಮುಗಿಸಿದರು.